ಜಾರಿದ ಸ್ವರ

ಸೊಸೆ ಪಿಯಾನೊ ನುಡಿಸುತ್ತ ಹಾಡಿದ ಮೊದಲ ಜಾಝ್ ಆಲ್ಬಂ ಹೊರಬಂದಿತ್ತು. ವೀಣೆ ಕಲಿಸುವ ಅತ್ತೆ ಅದಕ್ಕೆ ಏನನ್ನುತ್ತಾರೋ ಎಂಬುದೊಂದೇ ಅವಳ ಚಿಂತೆ.

"ಈ ಹಾಡಲ್ಲಿ ಒಂದು ಸ್ವರ ಜಾರಿದೆ ಕಣೇ. ಇನ್ನೊಂದ್ಸಲ ಹಾಕು," ಎಂದರು ಅತ್ತೆ.

ಸೊಸೆ ಹಾಕಿದಳು. "ಅದು ಜಾರಿದ್ದಲ್ಲ ಅತ್ತೆ, ನಾನೇ ಬೇಕಂತ ಜಾರಿಸಿದ್ದು. ಜಾಝ್‌ನಲ್ಲಿ ಹಾಗೇನೇ."

"ಜಾರಿ ಬಿದ್ದೋರೆಲ್ಲ ಹಾಗೇ ಹೇಳೋದು. ಹಾಕು ಮತ್ತೆ."

ಸಂಜೆಯವರೆಗೂ ಇದೇ ನಡೆಯಿತು. ಕೊನೆಗೆ ಸೊಸೆಯ ಕಣ್ಣು ತುಂಬಿ ಬಂತು.

"ಅಷ್ಟೊಂದು ತಪ್ಪಿದ್ರೆ ನಾನಿನ್ನು ಹಾಡೋದೇ ಇಲ್ಲ ಬಿಡಿ."

ಅತ್ತೆ ತಮ್ಮ ಸೆರಗಿನಿಂದಲೇ ಅವಳ ಕಣ್ಣೊರೆಸಿದರು.

"ಅಯ್ಯೋ ಹುಚ್ಚಿ! ಚೆನ್ನಾಗಿದೆ ಅಂದಿದ್ರೆ ನೀನು ಒಂದೇ ಸಲಕ್ಕೆ ನಿಲ್ಲಿಸ್ಬಿಡ್ತಿದ್ದೆ. ತಪ್ಪಿದೆ ಅಂದಿದ್ದಕ್ಕೆ ತಾನೇ ಇಷ್ಟು ಸಲ ಕೇಳಿಸಿದ್ದು?"