ಅತಿಥಿ ಬೀಗ

ಅಪ್ಪಟ ನಿಜದ ಕಥೆಯಿದು. ನಂಬದವರು ಧಾರವಾಡಕ್ಕೆ ಹೋಗಿ ಆ ಮನೆಯನ್ನೇ ಕೇಳಬಹುದು, ಅದು ಮಾತಾಡುತ್ತದೆ.

ಮನೆಗಳನ್ನೆಲ್ಲ ಕಂಪ್ಯೂಟರೇ ನಡೆಸುತ್ತಿದ್ದ ಕಾಲ. ಶಿವಲೀಲಾಳ ಮನೆಗೆ ಬಂದ ನೆಂಟರು ಅದಕ್ಕೆ ತಮಗೆ ಬೇಕಾದದ್ದನ್ನೆಲ್ಲ ಕಲಿಸಿ ಹೋಗುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಬೆಳಗಿನ ಹಾಡು, ಚಹಾದ ಸಕ್ಕರೆ ಎಲ್ಲ ಅವರಿಷ್ಟದ್ದೇ. ರೋಸಿಹೋದ ಅವಳು ಅತಿಥಿ ಬೀಗ ಹಾಕಿಸಿದಳು. ಅವಳ ದನಿಯಲ್ಲಿ "ಇವರು ಅತಿಥಿ" ಎಂದರೆ ಸಾಕು, ಹೊರಡುವ ತನಕ ಅವರಿಗೆ ಉಪಚಾರ ಉಂಟು, ಅಧಿಕಾರವಿಲ್ಲ.

ಮೈದುನ ಮಲ್ಲೇಶಿ ಪರರ ದನಿ ಅನುಕರಿಸುವುದರಲ್ಲಿ ಪಳಗಿದವನು. ಒಂದು ದಿನ ನೆಂಟನಾಗಿ ಬಂದವನು, ಅವಳು ಬಾಯಿ ತೆರೆಯುವ ಮೊದಲೇ ಅವಳತ್ತ ಬೆರಳು ತೋರಿಸಿ, ಥೇಟ್ ಅವಳ ದನಿಯಲ್ಲಿ, "ಈಕಿ ಅತಿಥಿ," ಎಂದುಬಿಟ್ಟ.

ಅಡಿಗೆಮನೆಯ ಬಾಗಿಲು ಶಿವಲೀಲಾಳ ಮುಂದೆಯೇ ಮುಚ್ಚಿತು. "ನೀವು ಕುಂದರ್ರಿ ಅಕ್ಕಾರ," ಎಂದಿತು ಮನೆ.

"ಮಲ್ಲ್ಯಾ, ನನ್ನ ಮನ್ಯಾಗ ನನಗ ಬೀಗ ಹಾಕ್ತಿಯೇನೋ?"

ಮಲ್ಲೇಶಿ ಹೊಟ್ಟೆ ಹಿಡಿದು ನಗುತ್ತಿದ್ದಾಗ, ದನಿ ಕೇಳಿ ಅವನನ್ನೇ ಒಡತಿ ಎಂದುಕೊಂಡಿದ್ದ ಮನೆ ಅವನಿಗೂ ಹೇಳಿತು: "ಶಿವಲೀಲಾ ಅವರ, ಅತಿಥಿಗೆ ಚಹಾ ಕಾಸ್ರಿ. ಆಮ್ಯಾಲೆ ರೊಟ್ಟಿ ಬಡೀಬೇಕ್ರಿ."

"ಬೀಗ ತಗಿಯವಾ," ಎಂದು ಅವಳ ದನಿಯಲ್ಲೇ ಗೋಗರೆದ.

"ಅತಿಥಿ ಹೋಗೂ ತನಕ ಆಗಂಗಿಲ್ರಿ. ನೀವ ಮಾಡಿಟ್ಟ ಕಾಯ್ದೆ."

ಶಿವಲೀಲಾ ಕುರ್ಚಿಯಲ್ಲಿ ಕಾಲು ಚಾಚಿದಳು. "ನನಗೇನ್ ಅವಸರಿಲ್ಲ ಬಿಡವಾ, ಎಂಟ್ ದಿನಾ ಇದ್ದ ಹೋಗ್ತೀನಿ," ಎಂದವಳೇ ಓಣಿಗೆಲ್ಲ ಕೇಳುವಂತೆ ನಕ್ಕಳು.