ಹಗ್ಗವಿಲ್ಲದ ಮನೆ

ಒಂದಾನೊಂದು ಊರಿನಲ್ಲಿ ಹಗ್ಗ ನುಂಗುವ ರಾಕ್ಷಸಿಯೊಬ್ಬಳಿದ್ದಳು. ಅವಳಿಗೆ ಕೋರೆಹಲ್ಲಿರಲಿಲ್ಲ, ಸೊಂಟದಲ್ಲಿ ಬೀಗದಕೈ ಗೊಂಚಲಿತ್ತು. ವಾಸ ಕಾಡಿನಲ್ಲಲ್ಲ, ಅಡುಗೆಮನೆಯಲ್ಲಿ. ಕಥೆಯಲ್ಲಾದರೆ ಇಂಥವಳನ್ನು ಕೊಲ್ಲಲು ರಾಜಕುಮಾರ ಬರುತ್ತಾನೆ. ಇಲ್ಲಿ ಅವನು ಬಂದರೂ ಪ್ರಯೋಜನವಿರಲಿಲ್ಲ. ಅವನು ಅವಳ ಮಗನೇ.

ಸೊಸೆ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅತ್ತೆ ಸೊಸೆಯ ಪೆಟ್ಟಿಗೆ ತೆರೆದು ಉಣ್ಣೆಯ ಉಂಡೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದಳು. ನಿನ್ನೆ ಪರದೆಯ ದಾರ ಹೋಗಿತ್ತು, ಮೊನ್ನೆ ಶಾಲು. ಬಚ್ಚಲಿನ ಒಳಚಿಲಕ ಕಿತ್ತು ಎಷ್ಟೋ ತಿಂಗಳಾಗಿತ್ತು. ತುಕ್ಕು ಹಿಡಿದಿದೆ ಎಂಬುದು ನೆಪ.

ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸೊಸೆ ಒಳಗೆ ಬಂದಳು. "ಅದು ನನ್ನ ಮಗೂಗೆ ಹೆಣೀತಿರೋ ಟೋಪಿ ಅತ್ತೆ."

"ಟೋಪಿ ಅಂಗಡೀಲಿ ಸಿಗುತ್ತೆ."

"ಮಗು ಸಿಗಲ್ಲ, ಅಂತ ತಾನೆ ಮುಂದಿನ ಮಾತು?"

ಅತ್ತೆ ಚೀಲದ ಬಾಯಿ ಮಡಚಿದಳು. "ಮಗು ಮಡಿಲಿಗೆ ಬರೋ ತನಕ ಈ ಮನೇಲಿ ಹಗ್ಗ, ದಾರ ಯಾವುದೂ ಇರಲ್ಲ. ಬಂದ ದಿನ ನಾನೇ ನನ್ನ ಕೈಯಾರೆ ಕಟ್ಟಿಕೊಡ್ತೀನಿ. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು."

ಈ ಮಾತಿನೊಳಗಿನ ವಿಷ ಸೊಸೆಗೆ ಗೊತ್ತಿತ್ತು. ಹೋದ ವರ್ಷ ಅವಳ ಮೊದಲ ಮಗು, ದಿನ ತುಂಬಿದ್ದಾಗ, ಹೊಟ್ಟೆಯೊಳಗೇ ತೀರಿಹೋಗಿತ್ತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು, ಅದರಲ್ಲೊಂದು ಗಂಟೂ ಬಿಗಿದಿತ್ತು. ಯಾರ ತಪ್ಪೂ ಅಲ್ಲ, ಎಂದಿದ್ದರು ಡಾಕ್ಟರು. ಎದುರುಮನೆಯ ದರ್ಜಿ ಹೆಂಗಸು ಮಾತ್ರ, ಬಸುರಿ ಹಗ್ಗದಡಿ ಹಾಯ್ದರೆ ಬಳ್ಳಿ ಸುತ್ತಿಕೊಳ್ಳುತ್ತದೆಂದು ಬೀದಿಗೆಲ್ಲ ಡಂಗುರ ಹೊಡೆದಿದ್ದಳು. ದಿನಾ ಬಟ್ಟೆ ಒಣಹಾಕುತ್ತಿದ್ದವಳು ಸೊಸೆಯೇ. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆಡದ ಆ ಮಾತೇ ಸೊಸೆಯನ್ನು ಸುಟ್ಟಿತ್ತು.

ಅದಾದ ಕೆಲವು ವಾರಕ್ಕೆ ಹಿಂದಿನ ಕೋಣೆಯ ಬಟ್ಟೆ ಹಗ್ಗ ಹರಿಯಿತು. ಸೊಸೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದಳು, ಒದ್ದೆ ಬಟ್ಟೆಗಳ ರಾಶಿಯ ನಡುವೆ. ಅತ್ತೆ ಏದುಸಿರು ಬಿಡುತ್ತ ಬೈಯುತ್ತಿದ್ದಳು. "ಹಗ್ಗ ಹರಿದು ಒಗೆದದ್ದೆಲ್ಲ ಮಣ್ಣಾಯ್ತು. ನಿನಗೆ ನೆಟ್ಟಗೆ ಬಟ್ಟೆ ಹರವೋಕೂ ಬರಲ್ಲ." ತಲೆಸುತ್ತಿ ಬಿದ್ದೆ ಎಂದು ಸೊಸೆ ಗಂಡನಿಗೆ ಹೇಳಿದಳು. ಅತ್ತೆ ಒಡೆದದ್ದು ಹಳೇ ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ ಎನ್ನುತ್ತಾರಲ್ಲ, ಆ ಹಳೇ ಹಗ್ಗಕ್ಕೂ ವಾರವೆಲ್ಲ ಬೈಗುಳ ನಡೆಯಿತು.

ಅಂದಿನಿಂದ ಗೋಡೆಯ ಎರಡು ಕೊಕ್ಕೆಗಳು ಬರಿದು. ಬಟ್ಟೆ ಕುರ್ಚಿಯ ಬೆನ್ನಿನ ಮೇಲೆ, ಕಿಟಕಿಯ ಸರಳಿನ ಮೇಲೆ ಒಣಗಿ ಮುಗ್ಗಲು ನಾರುತ್ತಿತ್ತು. ಗಂಡನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಹಾಗಾಗಿ ಅತ್ತೆಯ ಹಾಸಿಗೆ ಸೊಸೆಯ ಕೋಣೆಯ ಹೊಸಿಲಿಗೆ ಅಡ್ಡ ಬಂತು. ಎರಡನೆಯ ಬಸಿರು ನಿಂತ ಮೇಲಂತೂ ಕಾವಲು ಇನ್ನೂ ಬಿಗಿಯಾಯಿತು.

"ಜೈಲಿನವರೂ ಇಷ್ಟು ಕಾಯಲ್ಲ," ಎಂದಳು ಸೊಸೆ ಒಮ್ಮೆ.

"ಅವರಿಗೆ ಸಂಬಳ ಬರುತ್ತೆ. ನನಗೆ ನಿನ್ನ ಮೇಲೆ ನಂಬಿಕೆ ಇಲ್ಲ, ಅಷ್ಟೇ."

ಒಂದು ಮಧ್ಯಾಹ್ನ ದರ್ಜಿ ಹೆಂಗಸು ಕುಪ್ಪಸದ ಅಳತೆಗೆಂದು ಬಂದಳು. "ಈ ಸೆಕೇಲಿ ಕುತ್ತಿಗೆ ತನಕ ಗುಂಡಿ ಹಾಕ್ಕೊಂಡಿದ್ದೀಯಲ್ಲಮ್ಮ. ಎರಡು ಬಿಚ್ಚಬಾರದಾ?"

ಸೊಸೆಯ ಕೈ ಕಾಲರಿಗೆ ಹೋಯಿತು.

"ಅದು ಅವಳ ಷೋಕಿ," ಎಂದಳು ಅತ್ತೆ. "ನೀನು ಹೋಗಿ ನಿನ್ನ ಸೂಜಿಗೆ ದಾರ ಪೋಣಿಸ್ಕೋ."

"ಹೋಗ್ತೀನಿ ಬಿಡಿ. ಅಂತೂ ನನ್ನ ಮಾತು ಕೇಳಿ ಹಗ್ಗ ಎಲ್ಲ ತೆಗೆದ್ರಲ್ಲ, ಒಳ್ಳೇದಾಯ್ತು."

"ಹಾಗೇ ಅಂದ್ಕೋ," ಎಂದು ಅತ್ತೆ ಬಾಗಿಲು ಹಾಕಿದಳು.

ನೋವು ಶುರುವಾದಾಗ ಸೊಸೆ ಹಲ್ಲು ಕಚ್ಚಿಕೊಂಡು ಒಂದೇ ನಿಶ್ಚಯ ಮಾಡಿದಳು: ಈ ಮಗು ಬದುಕಬೇಕು. ಬದುಕಿದರೆ, ಅದನ್ನೆತ್ತಿಕೊಂಡು ಈ ರಾಕ್ಷಸಿಯ ಮನೆ ಬಿಡಬೇಕು.

ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತ ಯಂತ್ರದಿಂದ ಕೇಳುತ್ತಿತ್ತು. ಓಡುವ ಕುದುರೆಯ ಸದ್ದು. ಕುದುರೆ ಇದ್ದಕ್ಕಿದ್ದಂತೆ ಮುಗ್ಗರಿಸಿತು.

"ಮುಕ್ಕಬೇಡಿ, ತಡೀರಿ," ಎಂದರು ಡಾಕ್ಟರು. "ತಲೆ ಬಂದಿದೆ. ಬಳ್ಳಿ ಕೊರಳಿಗಿದೆ."

ಸೊಸೆಗೆ ಚಾವಣಿ ಕಪ್ಪಾಯಿತು. ಡಾಕ್ಟರ ಬೆರಳು ಸುತ್ತಿನೊಳಗೆ ತೂರಿತು, ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿತು. "ಸಡಿಲವಾಗೇ ಇದೆ. ಎಷ್ಟೋ ಮಕ್ಕಳು ಹೀಗೆ ಹಾರ ಹಾಕ್ಕೊಂಡೇ ಬರ್ತಾವೆ. ಹ್ಞಾಂ, ಈಗ ಮುಕ್ಕಿ."

ಮಗು ಇಡೀ ಬೀದಿಯ ಮೇಲೆ ಸಿಟ್ಟಿರುವಂತೆ ಅತ್ತಿತು.

ಮನೆಗೆ ಬಂದ ಬೆಳಿಗ್ಗೆ ಸೊಸೆ ಮಗುವನ್ನು ಎದೆಗವಚಿಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಗೆದ್ದವಳ ದನಿಯಲ್ಲಿ ಹೇಳಿದಳು: "ಮನೆ ಹಗ್ಗವನ್ನೆಲ್ಲ ನುಂಗಿದ್ರಿ. ಆದ್ರೂ ಬಳ್ಳಿ ಸುತ್ಕೊಂಡೇ ಬಂತು. ಹಗ್ಗಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲವಂತೆ, ಡಾಕ್ಟರೇ ಹೇಳಿದ್ರು."

"ಗೊತ್ತು."

"ಗೊತ್ತಿತ್ತಾ? ಮತ್ತೆ ಇಷ್ಟು ದಿನ ನನ್ನ ಗೋಳು ಹೊಯ್ಕೊಂಡಿದ್ದು ಯಾಕೆ?"

ಅತ್ತೆ ಸೊಂಟದ ಗೊಂಚಲಿನಿಂದ ಒಂದು ಕೀಲಿ ಆರಿಸಿ ತನ್ನ ಪೆಟ್ಟಿಗೆ ತೆರೆದಳು. ಒಳಗಿನಿಂದ ಆ ಹಳೇ ಹಗ್ಗವನ್ನೇ ತೆಗೆದು, ಸ್ಟೂಲು ಹತ್ತಿ, ಎರಡೂ ಕೊಕ್ಕೆಗಳಿಗೆ ಬಿಗಿದಳು.

ಹಗ್ಗದ ನಡುವೆ ಒಂದು ಗಂಟಿತ್ತು. ಎರಡು ತುಂಡುಗಳನ್ನು ಸೇರಿಸಿ ಹಾಕಿದ ಗಂಟು. ಸೊಸೆ ಹತ್ತಿರ ಹೋದಳು. ಹರಿದ ಹಗ್ಗದ ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಈ ತುದಿಗಳು ನುಣ್ಣಗಿದ್ದವು, ಅಡುಗೆಮನೆಯ ಚಾಕು ಒಂದೇ ಏಟಿಗೆ ಹಾಯ್ದಂತೆ.

ಅವಳ ಕೈ ಮತ್ತೆ ಕಾಲರಿಗೆ ಹೋಯಿತು. "ಇದು... ತಾನಾಗೇ ಹರಿದಿದ್ದಲ್ವಾ?"

ಅತ್ತೆ ಮಗುವಿನ ಮೊದಲ ಒದ್ದೆ ಬಟ್ಟೆಯನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿದಳು. ಕೊಟ್ಟ ಮಾತಿನ ಕೆಲಸ ಮುಗಿದಿತ್ತು.

"ಮಗುವಿನ ಕೊರಳಿಗೆ ಡಾಕ್ಟರಿದ್ರು," ಎಂದಳು, ತಿರುಗಿ ನೋಡದೆ. "ನಿನ್ನ ಕೊರಳಿಗೆ ಆವತ್ತು ಮನೇಲಿ ನಾನೊಬ್ಬಳೇ ಇದ್ದೆ."