ಬಾಗಿಲಿಗೆ ಬಂದ ಮರ

ಮರಗಳು ನೀರು ಹುಡುಕಿಕೊಂಡು ನಡೆಯಲು ಶುರುಮಾಡಿದ ಮೇಲೆ, ಮಡಗಾಸ್ಕರಿನ ಆ ಹಳ್ಳಿಗೆ ಬಂದ ಸ್ವಯಂಸೇವಕರಿಗೆ ಇದ್ದದ್ದು ಒಂದೇ ಕೆಲಸ: ಮುಂದೆ ಮುಂದೆ ನೀರು ಚೆಲ್ಲುತ್ತ ಅವನ್ನು ಗಣಿಯ ಬೇಲಿಯಿಂದ ದೂರ ಕರೆದೊಯ್ಯುವುದು.

ಸವಣೂರಿನ ಚನ್ನಬಸಮ್ಮ ಮೊದಲ ದಿನವೇ ಎಡವಟ್ಟು ಮಾಡಿದಳು. ಬೆಳಗೆದ್ದು, ರೂಢಿಯಂತೆ ಗುಡಿಸಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದಳು. ಚಹಾ ಕುಡಿದು ಬರುವಷ್ಟರಲ್ಲಿ, ಅವಳೂರಲ್ಲಿ ದೊಡ್ಡಹುಣಸೆ ಎನ್ನುವ ಬಾವೊಬಾಬ್ ಜಾತಿಯ ಮರವೊಂದು ಬಾಗಿಲಿಗೆ ಬಂದು ನಿಂತಿತ್ತು. ಅದರ ಒಂದು ಬೇರು ಪಕ್ಕದ ಗಣಿಯ ಬೇಲಿಯನ್ನು ದಾಟಿತ್ತು.

ಗಣಿಯ ಸಾಹೇಬ ಓಡಿಬಂದು ಕಿರುಚಾಡಿದ. ಅಷ್ಟಿಷ್ಟು ಕನ್ನಡ ಕಲಿತಿದ್ದ ಜೊತೆಗಾರ ಹೆರಿ ಅವಳಿಗೆ ತಿಳಿಸಿದ: "ಬೇಲಿ ದಾಟಿದ ಮರ ಅವರದಂತೆ, ಅಮ್ಮ. ನಾಳೆ ಗರಗಸ ತರ್ತಾರಂತೆ."

"ಬಾಗ್ಲಿಗೆ ಬಂದವ್ರನ್ನ ಕಡಿಯೂದು ನಮ್ಮ ಕಡೆ ಇಲ್ಲ ಅಂತ ಹೇಳು."

ಸಾಹೇಬ ನಕ್ಕು ಹೋದ.

ಮರುದಿನ ಬೆಳಗಾಗುವ ಹೊತ್ತಿಗೆ ಚನ್ನಬಸಮ್ಮ ಕಾಡಿನ ಅಂಚಿನಿಂದ ಬೇಲಿಯಾಚೆಗಿನ ಸಾಹೇಬನ ಬಂಗಲೆಯವರೆಗೂ ನೀರು ಚಿಮುಕಿಸಿ, ಅವನ ಹೊಸ್ತಿಲ ಮುಂದೆ ದೊಡ್ಡದೊಂದು ರಂಗೋಲಿ ಹಾಕಿ ಮುಗಿಸಿದ್ದಳು. ಇಡೀ ಕಾಡು ಬೇಲಿ ತುಳಿದು ಬಂದು ನಿಂತಿತು. ಬಾಗಿಲು ತೆರೆಯಲಾಗದೆ ಸಾಹೇಬ ಕಿಟಕಿಯಿಂದ ಕೂಗಿದ.

ಅವಳು ಖಾಲಿ ಬಕೀಟನ್ನು ಸೊಂಟಕ್ಕಿಟ್ಟುಕೊಂಡಳು.

"ನಿಮ್ಮ ಬಾಗ್ಲಿಗೂ ಬಂದಾರ್ರೀ ಸಾಹೇಬ್ರ! ಮೊದಲ ಕುಡಿಯಾಕ ನೀರು ಕೊಡ್ರಿ, ಗರಗಸದ ಮಾತು ಆಮ್ಯಾಲೆ."